ಅಜ್ಜಿಯ ಬಾತ ಕಾಲು ಮತ್ತು ಬೂಷ್ಟು ಹಿಡಿದ ಹುಲ್ಲು

ಇಲ್ಲಿ ಏನಾದರೂ ಬರೆದು ಒಂದೂವರೆ ತಿಂಗಳಾಯಿತು. ಸೋಮಾರಿತನ ಅಂದುಕೊಳ್ಳಬೇಡಿ, ಈ ಸಲ ನಿಜವಾದ ಕಾರಣ ಇದೆ. ಅಜ್ಜಿಯ ಮಂಡಿ.

ಎಪ್ಪತ್ತೆರಡು ವರ್ಷದ ಅಜ್ಜಿಗೆ ಬಲಗಾಲಿನ ಮಂಡಿ ಬದಲಿಸುವ ಆಪರೇಷನ್ ಆಯಿತು. ಸವೆದ ಮೂಳೆಯ ತುದಿಗಳನ್ನು ಕತ್ತರಿಸಿ, ಮೇಲಕ್ಕೊಂದು ಕೆಳಕ್ಕೊಂದು ಲೋಹದ ತುಂಡು ಕೂರಿಸಿ, ನಡುವೆ ಪ್ಲಾಸ್ಟಿಕ್ ಬಿಲ್ಲೆ ಇಡುವ ಕೆಲಸ. ಮರುದಿನವೇ ವಾಕರ್ ಹಿಡಿಸಿ ನಡೆಸಿದರು. ಐದನೇ ದಿನ ಮನೆಗೆ ಕಳಿಸಿದರು. ಎಲ್ಲ ಸಲೀಸಾಗಿ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಹನ್ನೊಂದನೇ ದಿನ ಬೆಳಿಗ್ಗೆ ಅಜ್ಜಿ, "ಯಾಕೋ ಕಾಲು ಸಿಡೀತಿದೆ ಕಣೋ" ಅಂದಳು. ನೋಡಿದರೆ ಮಂಡಿಯಿಂದ ಪಾದದವರೆಗೆ ಬಾಳೆದಿಂಡಿನ ಹಾಗೆ ಬಾತಿದೆ. ಮೀನಖಂಡ ಮುಟ್ಟಿದರೆ ಬಿಸಿ, ಒತ್ತಿದರೆ ನೋವು.

ಮನೆಯಲ್ಲಿ ಎಲ್ಲರೂ ಡಾಕ್ಟರುಗಳೇ. ಪಕ್ಕದ ಮನೆಯವರು "ಆಪರೇಷನ್ ಆದಮೇಲೆ ಬಾಯೋದು ಮಾಮೂಲು" ಅಂದರು. ಚಿಕ್ಕಮ್ಮ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ತಿಕ್ಕಲು ರೆಡಿಯಾಗಿ ಬಂದೇಬಿಟ್ಟರು. ಅಜ್ಜಿಯದು ಒಂದೇ ಮಾತು: "ಇಷ್ಟು ಕೊಯ್ದಮೇಲೆ ಬಾಯ್ದೆ ಇರುತ್ತೇನೋ?" ನನಗೆ ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲು ನೆನಪಾಯಿತು. ಮೀನಖಂಡದಲ್ಲಿ ನೋವು, ಊತ, ಉಸಿರಾಟಕ್ಕೆ ಕಷ್ಟ ಆದರೆ ತಕ್ಷಣ ಫೋನ್ ಮಾಡಿ ಅಂತ ಇತ್ತು. ಮಾಡಿದೆ. ಆ ಕಡೆಯಿಂದ ನರ್ಸ್ ಕೇಳಿದ ಮೊದಲ ಪ್ರಶ್ನೆ: "ರಕ್ತ ತೆಳುವಾಗೋ ಮಾತ್ರೆ ದಿನಾ ತಗೊಳ್ತಿದ್ದಾರಾ?" ಮಾತ್ರೆಯ ಹಾಳೆ ಎಣಿಸಿದೆ. ಎರಡು ಹೆಚ್ಚಿಗೆ ಉಳಿದಿದ್ದವು. "ಹೊಟ್ಟೆ ಉರಿ ಅಂತ ಎರಡು ದಿನ ಬಿಟ್ಟಿದ್ದೆ" ಅಂತ ಅಜ್ಜಿ ಆಮೇಲೆ ಒಪ್ಪಿಕೊಂಡಳು. ನರ್ಸ್ ಹೇಳಿದ್ದು ಇಷ್ಟೇ: ಯಾರೂ ಕಾಲು ತಿಕ್ಕಬೇಡಿ, ಡಾಪ್ಲರ್ ಸ್ಕ್ಯಾನಿಗೆ ಕರೆದುಕೊಂಡು ಬನ್ನಿ.

ಸ್ಕ್ಯಾನಿನ ಸಾಲಿನಲ್ಲಿ ಎರಡು ಗಂಟೆ ಕಾದೆವು. ಅಲ್ಲಿ ಫೋನಿನಲ್ಲಿ ಓದಲು ಶುರು ಮಾಡಿದ್ದು, ಆಮೇಲೆ ಎಷ್ಟೋ ರಾತ್ರಿ ನಡೆಯಿತು. ಕೋಡಿನಲ್ಲಿ ಬಗ್ ಹುಡುಕುವವನಿಗೆ ಇದು ಗೊತ್ತಿರುತ್ತದೆ: ತಪ್ಪು ಕಾಣಿಸಿಕೊಳ್ಳುವ ಜಾಗ ಒಂದು, ತಪ್ಪು ಇರುವ ಜಾಗ ಇನ್ನೊಂದು. ಬಾತ ಕಾಲಿನ ಚರಿತ್ರೆ ಪೂರ್ತಿ ಹೀಗೇ ಇದೆ.

ಮೊದಲು ಬಾಣಂತಿಯರ ಕತೆ. ಹೆರಿಗೆಯಾದ ಕೆಲವು ದಿನಕ್ಕೆ ಕೆಲವು ಹೆಂಗಸರ ಒಂದು ಕಾಲು ಬಾತು ಬಿಳಿಚಿಕೊಂಡು ವಿಪರೀತ ನೋಯುತ್ತಿತ್ತು. ಯುರೋಪಿನಲ್ಲಿ ಇದಕ್ಕೆ 'ಹಾಲುಗಾಲು' ಎಂಬ ಅರ್ಥದ ಹೆಸರೇ ಇತ್ತು. ಮೊಲೆಗೆ ಹೋಗಬೇಕಾದ ಹಾಲು ದಾರಿ ತಪ್ಪಿ ಕಾಲಿಗೆ ಇಳಿದಿದೆ ಎಂದು 18ನೇ ಶತಮಾನದ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. 1784ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ವೈಟ್ ಇದು ಹಾಲಲ್ಲ ಅಂದ, ಆದರೆ ತಪ್ಪನ್ನು ದುಗ್ಧನಾಳಗಳ ಮೇಲೆ ಹಾಕಿದ. 1823ರಲ್ಲಿ ಲಂಡನ್ನಿನ ಡೇವಿಡ್ ಡೇವಿಸ್ ಹೀಗೆ ಸತ್ತವರ ದೇಹ ಕೊಯ್ದು ನೋಡಿ, ತೊಡೆಯ ಒಳಗಿನ ದೊಡ್ಡ ಅಭಿಧಮನಿ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗಿದೆ ಎಂದು ತೋರಿಸಿದ. (ಅಂದ ಹಾಗೆ, 1819ರಲ್ಲಿ ವಿಕ್ಟೋರಿಯಾ ರಾಣಿ ಹುಟ್ಟಿದಾಗ ಹೆರಿಗೆಗೆ ಹಾಜರಿದ್ದ ವೈದ್ಯರಲ್ಲಿ ಇವನೂ ಒಬ್ಬ.) ಇದನ್ನು ಅಜ್ಜಿಗೆ ಹೇಳಿದಾಗ ನಗಲಿಲ್ಲ. "ನಮ್ಮಲ್ಲೂ ಬಾಣಂತಿ ಕಾಲು ಬಾತರೆ ನಂಜು ಅಂತಿದ್ದರು. ನಮ್ಮ ಸೋದರತ್ತೆ ಹಂಗೇ ಹೋದಳು, ಎದ್ದು ನಿಂತವಳು ನಿಂತಂಗೇ ಬಿದ್ದಳು" ಅಂದಳು. ನಾನು ಆ ಕಡೆ ಮಾತು ಬೆಳೆಸಲಿಲ್ಲ.

ಎದ್ದು ನಿಂತವರು ಹೀಗೆ ಬಿದ್ದು ಸಾಯುವುದಕ್ಕೂ ಕಾಲಿಗೂ ಏನು ಸಂಬಂಧ? ಅದನ್ನು ಜೋಡಿಸಿದವನು ಬರ್ಲಿನ್ನಿನ ರುಡಾಲ್ಫ್ ವಿರ್ಕೋ. 1840ರ ದಶಕದಲ್ಲಿ ಇನ್ನೂ ಇಪ್ಪತ್ತೈದರ ಆಸುಪಾಸಿನ ಹುಡುಗ. ಶವಗಳನ್ನು ಕೊಯ್ಯುವಾಗ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತದ ಗರಣೆ ಸಿಗುತ್ತಿತ್ತು. ಅದು ಅಲ್ಲೇ ಹುಟ್ಟಿದ್ದು ಎಂದು ಎಲ್ಲರ ನಂಬಿಕೆ. ಇವನು, ಇದು ಬೇರೆಲ್ಲೋ ಹುಟ್ಟಿ ಕಿತ್ತುಕೊಂಡು ಬಂದು ಇಲ್ಲಿ ಸಿಕ್ಕಿಹಾಕಿಕೊಂಡಿದೆ ಅಂದ. ನಾಯಿಗಳ ಕುತ್ತಿಗೆಯ ಅಭಿಧಮನಿಯೊಳಗೆ ರಬ್ಬರ್ ಚೂರು ಹಾಕಿ, ಅದು ಶ್ವಾಸಕೋಶಕ್ಕೇ ಹೋಗಿ ಕೂರುವುದನ್ನು ತೋರಿಸಿದ. ಥ್ರಾಂಬೋಸಿಸ್, ಎಂಬಾಲಿಸಂ ಎರಡೂ ಅವನೇ ಇಟ್ಟ ಹೆಸರುಗಳು. ರಕ್ತ ನಿಂತರೆ, ನಾಳದ ಗೋಡೆಗೆ ಪೆಟ್ಟಾದರೆ, ರಕ್ತವೇ ಹೆಪ್ಪುಗಟ್ಟುವ ಸ್ವಭಾವಕ್ಕೆ ತಿರುಗಿದರೆ ಗರಣೆ ಕಟ್ಟುತ್ತದೆ ಎಂಬ ಮೂರು ಕಾರಣಗಳ ಸೂತ್ರವೂ ಅವನ ಹೆಸರಿನಲ್ಲೇ ಇದೆ, ಆದರೆ ಅದನ್ನು ಹಾಗೆ ಒಟ್ಟುಗೂಡಿಸಿ ಅವನ ಹೆಸರಿಟ್ಟವರು ನೂರು ವರ್ಷ ಆಮೇಲಿನವರು.

ಮಂಡಿ ಆಪರೇಷನ್ನಿಗೆ ಈ ಮೂರನ್ನೂ ಹೊಂದಿಸಿ ನೋಡಿ. ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿ ರಕ್ತ ನಿಲ್ಲಿಸುತ್ತಾರೆ. ಕಾಲನ್ನು ಮಡಿಸಿ ತಿರುಚುವಾಗ ಮಂಡಿಯ ಹಿಂದಿನ ನಾಳ ಎಳೆದಾಡುತ್ತದೆ. ಮೂಳೆ ಕೊಯ್ದ ಪೆಟ್ಟಿಗೆ ಇಡೀ ದೇಹದ ರಕ್ತ ಹೆಪ್ಪುಗಟ್ಟಲು ಸಜ್ಜಾಗುತ್ತದೆ. ಆಮೇಲೆ ನೋವಿಗೆ ಹೆದರಿ ಕಾಲು ಆಡಿಸದೆ ಮಲಗುತ್ತೇವೆ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಮೀನಖಂಡದ ಸ್ನಾಯು, ಅದೂ ರಜಾ ಹಾಕುತ್ತದೆ.

ತಮಾಷೆಯೆಂದರೆ, ವಿರ್ಕೋ ಇಷ್ಟೆಲ್ಲ ಹೇಳಿದ ಮೇಲೂ ಸುಮಾರು ನೂರು ವರ್ಷ ವೈದ್ಯರು ಮಾಡಿದ್ದು ರೋಗಿಯನ್ನು ಮಲಗಿಸುವ ಕೆಲಸ. ಲಂಡನ್ನಿನ ಜಾನ್ ಹಿಲ್ಟನ್ 1863ರಲ್ಲಿ ತನ್ನ ಉಪನ್ಯಾಸಗಳನ್ನು ಪುಸ್ತಕ ಮಾಡಿದ. ವಿಶ್ರಾಂತಿಯೇ ಮದ್ದು ಅನ್ನುವುದು ಅದರ ಸಾರ. ಮೂಳೆ ವೈದ್ಯರಿಗಂತೂ ಅದು ವೇದವಾಯಿತು. ಕಾಲು ಬಾತರೆ ಇನ್ನಷ್ಟು ಮಲಗಿಸು, ಅಲುಗಾಡಿದರೆ ಗರಣೆ ಕಿತ್ತುಕೊಂಡೀತು! ವಾರಗಟ್ಟಲೆ ಮಲಗಿದವರು ಒಂದು ದಿನ ಎದ್ದು ಬಚ್ಚಲಿಗೆ ಹೊರಟಾಗ ಕುಸಿಯುತ್ತಿದ್ದರು. ಎದ್ದದ್ದೇ ತಪ್ಪು ಅಂತ ತೀರ್ಮಾನ. ಮಲಗಿದ್ದು ತಪ್ಪು ಅಂತ ಅಲ್ಲ.

ಇದನ್ನು ತಿರುಗಿಸಿ ಹಾಕಿದವರಲ್ಲಿ ಒಬ್ಬ ರಿಚರ್ಡ್ ಆಶರ್ ಎಂಬ ಲಂಡನ್ ವೈದ್ಯ. 1947ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳ ಬಗ್ಗೆ ಒಂದು ಪುಟ್ಟ ಲೇಖನ ಬರೆದ. ಮಲಗಿದರೆ ಕಾಲಿನಲ್ಲಿ ಗರಣೆ, ಬೆನ್ನಿನಲ್ಲಿ ಹುಣ್ಣು, ಎದೆಯಲ್ಲಿ ಕಫ ಅಂತ ಅಂಗಾಂಗ ಹಿಡಿದು ಹೇಳುತ್ತಾ ಹೋಗುತ್ತಾನೆ. ಓದಿದರೆ ನಗು ಬರುತ್ತದೆ, ಆಮೇಲೆ ಭಯ ಬರುತ್ತದೆ. ಬೀಟಲ್ಸ್ ಅಭಿಮಾನಿಗಳಿಗೊಂದು ವಿಷಯ: 1960ರ ದಶಕದಲ್ಲಿ ಪಾಲ್ ಮೆಕಾರ್ಟ್ನಿ ಬಾಡಿಗೆಯಿಲ್ಲದೆ ಉಳಿದುಕೊಂಡಿದ್ದು ಇದೇ ಆಶರ್ ಮನೆಯಲ್ಲಿ, ಮಗಳು ಜೇನ್ ಅವನ ಗೆಳತಿಯಾಗಿದ್ದಳು :)

ಎಬ್ಬಿಸಿ ನಡೆಸುವುದು ಸರಿ, ಆದರೆ ಯಾರ ಕಾಲಿನಲ್ಲಿ ಗರಣೆ ಇದೆ ಎಂದು ಗೊತ್ತಾಗುವುದು ಹೇಗೆ? ಬಾಸ್ಟನ್ನಿನ ಜಾನ್ ಹೋಮನ್ಸ್ 1940ರ ದಶಕದಲ್ಲಿ ಒಂದು ಪರೀಕ್ಷೆ ಹೇಳಿದ. ಪಾದವನ್ನು ಮೇಲಕ್ಕೆ ಮಡಿಸಿದಾಗ ಮೀನಖಂಡ ನೋಯಿತೋ, ಗರಣೆ ಇದೆ. ಎರಡು ಸೆಕೆಂಡಿನ ಕೆಲಸ, ಖರ್ಚಿಲ್ಲ. ಜಗತ್ತಿನ ಎಲ್ಲ ವೈದ್ಯ ವಿದ್ಯಾರ್ಥಿಗಳೂ ಕಲಿತರು. ಕಷ್ಟ ಏನೆಂದರೆ ಅದು ನಂಬಿಕೆಗೆ ಅರ್ಹವಲ್ಲ. ಗರಣೆ ಇರುವ ಅನೇಕರಿಗೆ ನೋಯುವುದಿಲ್ಲ, ನೋಯುವ ಅನೇಕರಿಗೆ ಗರಣೆ ಇರುವುದಿಲ್ಲ. ಆಪರೇಷನ್ ಆದ ಕಾಲಂತೂ ಹೇಗೆ ಮಡಿಸಿದರೂ ನೋಯುತ್ತದೆ ಬಿಡಿ.

ಬರ್ಮಿಂಗ್ಹ್ಯಾಮಿನ ಅಪಘಾತ ಆಸ್ಪತ್ರೆಯಲ್ಲಿ ಸೈಮನ್ ಸೆವಿಟ್ ಎಂಬ ರೋಗಶಾಸ್ತ್ರಜ್ಞ ಇದ್ದ. ಸೊಂಟದ ಮೂಳೆ ಮುರಿದು ಬಂದ ಮುದುಕ ಮುದುಕಿಯರು ಸತ್ತಾಗ ಅವರ ಕಾಲಿನ ಅಭಿಧಮನಿಗಳನ್ನು ಉದ್ದಕ್ಕೂ ಸೀಳಿ ನೋಡುತ್ತಿದ್ದ. ಬದುಕಿದ್ದಾಗ ಕಾಲು ಬಾಯದೆ, ನೋಯದೆ ಇದ್ದವರಲ್ಲೂ ಗರಣೆಗಳು. 1959ರಲ್ಲಿ ಅವನೂ ಗ್ಯಾಲಗರ್ ಎಂಬ ಸರ್ಜನ್ನೂ ಸೇರಿ 300 ಜನರ ಮೇಲೆ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲು ಬಾಯಲಿ ಎಂದು ಕಾಯದೆ ಅರ್ಧ ಜನಕ್ಕೆ ಮೊದಲೇ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟರು. ಮಾತ್ರೆ ಕೊಡದ 150 ಜನರಲ್ಲಿ 15 ಮಂದಿ ಶ್ವಾಸಕೋಶಕ್ಕೆ ಗರಣೆ ಹೋಗಿ ಸತ್ತರು. ಕೊಟ್ಟ 150ರಲ್ಲಿ ಹಾಗೆ ಸತ್ತವರು ಒಬ್ಬರೂ ಇಲ್ಲ. ನನ್ನ ಮಟ್ಟಿಗೆ ಈ ಇಡೀ ಕತೆಯ ಅತಿ ಮುಖ್ಯ ಅಂಕಿ ಇದು.

ಇಷ್ಟಾದ ಮೇಲೂ ಮೂಳೆ ಸರ್ಜನ್ನುಗಳು ಯಾಕೆ ಹಿಂಜರಿದರು? ಅದಕ್ಕೆ ಜಾನ್ ಚಾರ್ನ್ಲಿಯ ಆಸ್ಪತ್ರೆಗೆ ಹೋಗಬೇಕು. ಇಂಗ್ಲೆಂಡಿನ ಲ್ಯಾಂಕಶೈರಿನ ರೈಟಿಂಗ್ಟನ್ ಆಸ್ಪತ್ರೆ, ಮೊದಲು ಕ್ಷಯ ರೋಗಿಗಳ ಆಸ್ಪತ್ರೆಯಾಗಿತ್ತು. ಕೃತಕ ಸೊಂಟದ ಕೀಲಿಗೆ ಮೊದಲು ಟೆಫ್ಲಾನ್ ಬಟ್ಟಲು ಹಾಕಿ ಸೋತು, 1962ರ ನವೆಂಬರಿನಲ್ಲಿ ಪಾಲಿಥೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿಗೆ ಬದಲಾಯಿಸಿ ಗೆದ್ದವನು ಚಾರ್ನ್ಲಿ. ಇವತ್ತು ಅಜ್ಜಿಯ ಮಂಡಿಯಲ್ಲಿರುವ ಬಿಲ್ಲೆ ಅದೇ ವಂಶದ್ದು. ಕೀಲು ಗೆದ್ದಿತು, ಆದರೆ 1962ರಿಂದ 1973ರವರೆಗೆ ಅಲ್ಲಿ ಆದ ಸುಮಾರು 8000 ಆಪರೇಷನ್ನುಗಳಲ್ಲಿ ಹೆಚ್ಚುಕಮ್ಮಿ ನೂರಕ್ಕೊಬ್ಬರು ಗರಣೆಯಿಂದ ಸತ್ತರು. ನೋವು ಹೋಗಲಿ ಅಂತ ಬಂದವರು. ಪ್ರಾಣಾಪಾಯದ ಕಾಯಿಲೆಯವರಲ್ಲ.

ಚಾರ್ನ್ಲಿಗೆ ಕೀವಿನ ಹೆದರಿಕೆ ವಿಪರೀತ. ಶುದ್ಧ ಗಾಳಿ ಹರಿಯುವ ಗಾಜಿನ ಗೂಡು ಕಟ್ಟಿಸಿಕೊಂಡು ಅದರೊಳಗೆ ಆಪರೇಷನ್ ಮಾಡುತ್ತಿದ್ದ. ರಕ್ತ ತೆಳುವಾಗಿಸುವ ಔಷಧ ಕೊಟ್ಟರೆ ಹೊಸ ಕೀಲಿನ ಸುತ್ತ ರಕ್ತ ಸುರಿದು ನಿಲ್ಲುತ್ತದೆ, ನಿಂತ ರಕ್ತ ಕೀವಾಗುತ್ತದೆ, ಕೀವಾದರೆ ಕೀಲನ್ನೇ ಕಿತ್ತು ತೆಗೆಯಬೇಕು. ಸರ್ಜನ್ನಿಗೆ ಕೀವು ಕಣ್ಣೆದುರಿಗೆ ಕಾಣುವ ಸೋಲು. ಗರಣೆಯ ಸಾವು ಎಷ್ಟೋ ಸಲ ರೋಗಿ ಮನೆಗೆ ಹೋದ ಮೇಲೆ ಆಗುತ್ತದೆ, 'ಹಾರ್ಟ್ ಅಟ್ಯಾಕ್' ಎಂಬ ಲೆಕ್ಕಕ್ಕೆ ಹೋಗುತ್ತದೆ. ಈ ಜಗ್ಗಾಟ ಇವತ್ತಿಗೂ ಮುಗಿದಿಲ್ಲ.

ಇನ್ನು ಔಷಧಗಳು. ಇಲ್ಲಿ ಕತೆ ಸ್ವಲ್ಪ ಸಿನಿಮಾ ಥರ ಇದೆ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿಗೆ ಸಿಕ್ಕಿದ್ದ ಕೆಲಸ, ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತು ಹುಡುಕುವುದು. ನಾಯಿಯ ಪಿತ್ತಜನಕಾಂಗದ ಸಾರ ತೆಗೆದು ನೋಡಿದರೆ ಅದು ತದ್ವಿರುದ್ಧ ಕೆಲಸ ಮಾಡುತ್ತಿದೆ! ಪ್ರೊಫೆಸರ್ ಹೋವೆಲ್ ನಂಬಲಿಲ್ಲ. ಹುಡುಗ ಒಂದು ಲೋಟ ಬೆಕ್ಕಿನ ರಕ್ತಕ್ಕೆ ಆ ಸಾರ ಕಲಸಿ ಮೇಜಿನ ಮೇಲಿಟ್ಟು, ಹೆಪ್ಪುಗಟ್ಟಿದಾಗ ಹೇಳಿ ಸಾರ್ ಅಂದನಂತೆ. ಅದು ಹೆಪ್ಪುಗಟ್ಟಲೇ ಇಲ್ಲ. ಹೋವೆಲ್ ಅದಕ್ಕೆ 1918ರಲ್ಲಿ ಹೆಪಾರಿನ್ ಎಂದು ಹೆಸರಿಟ್ಟ. ಮನುಷ್ಯರಿಗೆ ಕೊಡುವಷ್ಟು ಶುದ್ಧವಾಗಲು 1930ರ ದಶಕ ಬರಬೇಕಾಯಿತು. ಇವತ್ತು ಅದನ್ನು ಹೆಚ್ಚಾಗಿ ಹಂದಿಯ ಕರುಳಿನಿಂದ ತೆಗೆಯುತ್ತಾರೆ. ಆಸ್ಪತ್ರೆಯಲ್ಲಿ ಅಜ್ಜಿಯ ಹೊಟ್ಟೆಗೆ ಚುಚ್ಚಿದ ಇಂಜೆಕ್ಷನ್ ಅದೇ ಜಾತಿಯದು. ಈರುಳ್ಳಿ ಕೂಡ ತಿನ್ನದ ಅಜ್ಜಿಗೆ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ.

ಎರಡನೆಯದು ಹುಲ್ಲಿನ ಕತೆ. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ದನಗಳು ಸುಮ್ಮಸುಮ್ಮನೆ ರಕ್ತ ಸುರಿಸಿ ಸಾಯತೊಡಗಿದವು. ಕೋಡು ಕತ್ತರಿಸಿದರೆ ಸಾಕು, ರಕ್ತ ನಿಲ್ಲುತ್ತಿರಲಿಲ್ಲ. ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯ, ಇದು ಸ್ವೀಟ್ ಕ್ಲೋವರ್ ಎಂಬ ಮೇವು ಬೂಷ್ಟು ಹಿಡಿದಿದ್ದರಿಂದ ಎಂದು ಕಂಡುಹಿಡಿದ. 1933ರ ಫೆಬ್ರವರಿಯ ಹಿಮಗಾಳಿಯಲ್ಲಿ ವಿಸ್ಕಾನ್ಸಿನ್ನಿನ ಒಬ್ಬ ರೈತ ಸತ್ತ ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಒಂದಷ್ಟು ಕೆಟ್ಟ ಹುಲ್ಲು ಹೇರಿಕೊಂಡು ಮ್ಯಾಡಿಸನ್ನಿಗೆ ಬಂದು ಕಾರ್ಲ್ ಲಿಂಕ್ ಎಂಬ ರಸಾಯನ ಶಾಸ್ತ್ರಜ್ಞನ ಬಾಗಿಲು ತಟ್ಟಿದ. ಹುಲ್ಲಿನೊಳಗಿನ ವಸ್ತುವನ್ನು ಬೇರ್ಪಡಿಸಲು ಲಿಂಕ್ ತಂಡಕ್ಕೆ ಆರು ವರ್ಷ ಹಿಡಿಯಿತು. ಅದರಿಂದ ಹುಟ್ಟಿದ ಇನ್ನೊಂದು ರಾಸಾಯನಿಕ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. ಅದೇ ವಾರ್ಫರಿನ್. 1954ರಲ್ಲಿ ಮನುಷ್ಯರ ಔಷಧವೂ ಆಯಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರಿಗೂ ಕೊಟ್ಟರು. ಅಜ್ಜಿಯ ಪ್ರತಿಕ್ರಿಯೆ: "ಬೂಷ್ಟು ಹುಲ್ಲು ದನಕ್ಕೆ ಹಾಕಬಾರದು ಅಂತ ಹೇಳೋಕೆ ವಿಜ್ಞಾನಿ ಬೇಕಾ?"

ಇಷ್ಟೆಲ್ಲ ಇದ್ದರೂ ಕಾಣದ ಗರಣೆಯನ್ನು ಬದುಕಿದ್ದವರಲ್ಲಿ ಕಾಣಿಸಿದವರು ಯಾರು? ಇಲ್ಲಿ ನಮ್ಮ ದೇಶದವರೊಬ್ಬರು ಬರುತ್ತಾರೆ. ವಿಜಯ್ ಕಕ್ಕರ್, ಭಾರತದಲ್ಲಿ ವೈದ್ಯ ಓದಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆ ಸೇರಿದ ಸರ್ಜನ್. ಗರಣೆ ಕಟ್ಟುವಾಗ ಅದರೊಳಗೆ ಸೇರಿಕೊಳ್ಳುವ ಫೈಬ್ರಿನೋಜೆನ್ ಎಂಬ ಪ್ರೋಟೀನಿಗೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿ ರಕ್ತಕ್ಕೆ ಬಿಟ್ಟು, ಕಾಲಿನ ಉದ್ದಕ್ಕೂ ದಿನಾ ಕೌಂಟರ್ ಹಿಡಿದು ಅಳೆಯುವ ವಿಧಾನವನ್ನು ಇವರ ತಂಡ ಬಳಸಿತು. ಒಂಥರಾ ಲಾಗ್ ಫೈಲ್ ಇಟ್ಟ ಹಾಗೆ. 1969ರಲ್ಲಿ ಪ್ರಕಟವಾದ ವರದಿಯಲ್ಲಿ ಆಪರೇಷನ್ ಆದ 132 ಮಂದಿಯಲ್ಲಿ 40 ಜನಕ್ಕೆ ಗರಣೆ ಕಟ್ಟಿತ್ತು. ಅನೇಕರ ಕಾಲಿನಲ್ಲಿ ಯಾವ ಗುರುತೂ ಇಲ್ಲ. ಕೆಲವು ತಾನೇ ಕರಗಿದವು, ಕೆಲವು ಮಂಡಿಯ ಮೇಲಕ್ಕೆ ಬೆಳೆದವು. ಹಾಗೆ ಮೇಲೇರಿದವರಲ್ಲೇ ಗರಣೆ ಶ್ವಾಸಕೋಶಕ್ಕೆ ಹೋದದ್ದು.

ಕಕ್ಕರ್ ಅಷ್ಟಕ್ಕೆ ನಿಲ್ಲಲಿಲ್ಲ. ಹೆಪಾರಿನ್ನನ್ನು ಬಹಳ ಕಡಿಮೆ ಪ್ರಮಾಣದಲ್ಲಿ, ಆಪರೇಷನ್ನಿಗೆ ಎರಡು ಗಂಟೆ ಮೊದಲು ಶುರು ಮಾಡಿ ಚರ್ಮದಡಿ ಕೊಟ್ಟರೆ? ಅನೇಕ ದೇಶಗಳ ಆಸ್ಪತ್ರೆಗಳು ಸೇರಿ 4121 ರೋಗಿಗಳ ಮೇಲೆ ಮಾಡಿದ ಪ್ರಯೋಗ 1975ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹೆಪಾರಿನ್ ಕೊಡದವರಲ್ಲಿ 16 ಮಂದಿ ಶ್ವಾಸಕೋಶದ ಗರಣೆಯಿಂದ ಸತ್ತಿದ್ದರು, ಕೊಟ್ಟವರಲ್ಲಿ 2. ಮುಂದೆ ಕಕ್ಕರ್ ಲಂಡನ್ನಿನಲ್ಲಿ ಥ್ರಾಂಬೋಸಿಸ್ ರಿಸರ್ಚ್ ಇನ್ಸ್ಟಿಟ್ಯೂಟ್ ಕಟ್ಟಿದರು, 2000ರ ದಶಕದಲ್ಲಿ ಅದರ ಒಂದು ಶಾಖೆ ನಮ್ಮ ಬೆಂಗಳೂರಿನ ಬೊಮ್ಮಸಂದ್ರದಲ್ಲಿ, ನಾರಾಯಣ ಹೃದಯಾಲಯದ ಆವರಣದಲ್ಲಿ ಶುರುವಾಯಿತು. 2016ರಲ್ಲಿ ಅವರು ತೀರಿಕೊಂಡರು. ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ನಮ್ಮಂಥವರಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ನನಗಂತೂ ಗೊತ್ತಿರಲಿಲ್ಲ.

ಇಷ್ಟು ಗೊತ್ತಾದ ಮೇಲೂ ನಮ್ಮ ಕಡೆ ಇನ್ನೊಂದು ನಂಬಿಕೆ ಬಹಳ ವರ್ಷ ಇತ್ತು. ಇದು ಬಿಳಿಯರ ಕಾಯಿಲೆ, ಏಷ್ಯಾದವರಿಗೆ ಬರುವುದಿಲ್ಲ. ನಮ್ಮ ಊಟ ಬೇರೆ, ನಮ್ಮ ರಕ್ತ ಬೇರೆ ಇತ್ಯಾದಿ. ಹುಡುಕದೆ ಇದ್ದರೆ ಯಾವುದೂ ಸಿಗುವುದಿಲ್ಲವಲ್ಲ! 1996ರಲ್ಲಿ ಮಲೇಷ್ಯಾದಿಂದ ಒಂದು ವರದಿ ಬಂತು. ಔಷಧ ಕೊಡದೆ ಸೊಂಟ, ಮಂಡಿಯ ಆಪರೇಷನ್ ಆದ 88 ಮಂದಿಯ ಕಾಲಿಗೆ ಬಣ್ಣ ಹಾಯಿಸಿ ಎಕ್ಸ್‌ರೇ ತೆಗೆದರೆ ನೂರಕ್ಕೆ 62ಕ್ಕೂ ಹೆಚ್ಚು ಜನರಲ್ಲಿ ಗರಣೆ. 2005ರಲ್ಲಿ ಏಷ್ಯಾದ ಏಳು ದೇಶಗಳ ಅಧ್ಯಯನದಲ್ಲಿ 41. ಪಶ್ಚಿಮದ ಲೆಕ್ಕವೂ ಹೆಚ್ಚುಕಮ್ಮಿ ಇಷ್ಟೇ. ಬಹುಪಾಲು ಮೀನಖಂಡದ ಸಣ್ಣ ಗರಣೆಗಳು, ತಾವಾಗಿ ಕರಗುವಂಥವು ಅನ್ನುವುದೂ ನಿಜ. ಹಾಗಾಗಿ ಎಲ್ಲರಿಗೂ ಜೋರು ಔಷಧ ಬೇಕೇ ಎಂಬ ವಾದ ನಿಂತಿಲ್ಲ. ಕೆಲವರು ಬರೀ ಆಸ್ಪಿರಿನ್ ಸಾಕು ಅಂತಾರೆ. 2022ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಪ್ರಯೋಗವೊಂದರಲ್ಲಿ ಆಸ್ಪಿರಿನ್ ತಗೊಂಡವರಲ್ಲಿ ನೂರಕ್ಕೆ 3.45, ಹೆಪಾರಿನ್ ಜಾತಿಯ ಇಂಜೆಕ್ಷನ್ ತಗೊಂಡವರಲ್ಲಿ 1.82 ಜನಕ್ಕೆ ತೊಂದರೆ ಕಾಣಿಸಿತು. ಎರಡು ದಿನ ಮಾತ್ರೆ ಬಿಟ್ಟ ಅಜ್ಜಿಯ ಪಕ್ಕ ಕೂತು ಓದುವಾಗ ಈ ದಶಮಾಂಶಗಳು ಸಣ್ಣವು ಅನ್ನಿಸಲಿಲ್ಲ.

ಆ ದಿನ ಆಸ್ಪತ್ರೆಗೆ ಹೊರಡುವ ಮುಂಚೆ ಅಜ್ಜಿಯ ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಟೇಪು ತೆಗೆದು ಎರಡೂ ಕಾಲು ಅಳೆದಿದ್ದೆ. ಅಳೆದು ಹೇಳಿ ಅಂತ ನರ್ಸ್ ಅಂದಿದ್ದರು. ಕೆನಡಾದ ಫಿಲಿಪ್ ವೆಲ್ಸ್ ಎಂಬ ವೈದ್ಯ 1990ರ ದಶಕದಲ್ಲಿ ಮಾಡಿದ ಅಂಕಪಟ್ಟಿಯಲ್ಲಿ ಇದೂ ಒಂದು: ಮಂಡಿಯ ಕೆಳಗಿನ ಉಬ್ಬುಮೂಳೆಯಿಂದ 10 ಸೆಂಟಿಮೀಟರ್ ಕೆಳಗೆ ಸುತ್ತಳತೆ ತೆಗೆಯಬೇಕು, ಇನ್ನೊಂದು ಕಾಲಿಗಿಂತ 3 ಸೆಂಟಿಮೀಟರಿಗೂ ಹೆಚ್ಚು ದಪ್ಪವಿದ್ದರೆ ಒಂದು ಅಂಕ. ಇತ್ತೀಚೆಗೆ ದೊಡ್ಡ ಆಪರೇಷನ್ ಆಗಿದ್ದರೆ ಇನ್ನೊಂದು. ಊತಕ್ಕೆ ಬೇರೆ ಕಾರಣ ಅಷ್ಟೇ ಬಲವಾಗಿದ್ದರೆ ಎರಡು ಅಂಕ ಕಳೆಯಬೇಕು. ಅಜ್ಜಿಯದು ನಾಲ್ಕು ಸೆಂಟಿಮೀಟರ್ ಹೆಚ್ಚಿತ್ತು. ಆಪರೇಷನ್ನೂ ಆಗಿದೆ. ಬೇರೆ ಕಾರಣವೂ ಅದೇ ಆಪರೇಷನ್ನು! ಕೂಡಿ ಕಳೆದು ಸೊನ್ನೆಗೆ ಬಂದು ನಿಂತೆ.

ಸ್ಕ್ಯಾನ್ ಮಾಡುವಾಕೆ ತೊಡೆಸಂದಿಯಿಂದ ಶುರು ಮಾಡಿ, ಅಂಗುಲ ಅಂಗುಲಕ್ಕೂ ಪ್ರೋಬ್ ಒತ್ತುತ್ತಾ ಬಂದರು. 1980ರ ದಶಕದಲ್ಲಿ ಬಳಕೆಗೆ ಬಂದ ಉಪಾಯ ಇದು, ತುಂಬ ಸರಳ. ಖಾಲಿ ಅಭಿಧಮನಿ ಒತ್ತಿದರೆ ಚಪ್ಪಟೆಯಾಗುತ್ತದೆ, ಒಳಗೆ ಗರಣೆ ಇದ್ದರೆ ಆಗುವುದಿಲ್ಲ. ಪರದೆಯ ಮೇಲೆ ಕಪ್ಪು ಉಂಡೆಯೊಂದು ಒತ್ತಿದಾಗ ಮಾಯವಾಗಿ, ಬಿಟ್ಟಾಗ ಮತ್ತೆ ಬರುತ್ತಿತ್ತು. ಮಂಡಿಯ ಹಿಂದೆ ಬಂದಾಗ ನಾನು ಉಸಿರು ಹಿಡಿದಿದ್ದೆ. ಒತ್ತಿದರು. ಮಾಯ. ಮೀನಖಂಡದವರೆಗೂ ಮಾಯ. ಊದಿದ್ದು ಬರೀ ಕೊಯ್ದ ಕಾಲಿನ ಬಾವು.

"ಏನೂ ಇಲ್ಲ ಅಂತ ಹೇಳೋಕೆ ಇಷ್ಟು ದುಡ್ಡಾ?" ಅಂತ ಅಜ್ಜಿ ಆಟೋದಲ್ಲಿ ದಾರಿಯುದ್ದಕ್ಕೂ ಬೈದಳು. ಮಾತ್ರೆ ಮಾತ್ರ ಆಮೇಲೆ ಒಂದು ದಿನವೂ ಬಿಡಲಿಲ್ಲ, ಹೊಟ್ಟೆ ಉರಿಗೆ ಬೇರೆ ಮಾತ್ರೆ ಬರೆಸಿಕೊಂಡೆವು. ಈಗ ದಿನಾ ಸಂಜೆ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ತಾನೇ ಟೇಪು ಹಿಡಿದು ಅಳೆದುಕೊಳ್ಳುತ್ತಾಳೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುತ್ತಾಳೆ. ನಿನ್ನೆಯದು ಒಂದೂವರೆ ಸೆಂಟಿಮೀಟರ್, ಹಾಲು ಒಂದು ಲೀಟರ್.